ಪರದರ್ಶನಗಳ ಅಭ್ಯಾಸವೂ ಸ್ವಧರ್ಮನಿಷ್ಠೆಯೂ

ಅನ್ಯಮತಗಳ ತತ್ತ್ವವನ್ನು ಓದಿದರೆ ಸ್ವಧರ್ಮದಲ್ಲಿಯ ನಿಷ್ಠೆಯು ಸಡಿಲವಾಗುವುದೆಂಬ ಅಂಜಿಕೆ ನಮ್ಮ ಸದ್ಭಕ್ತರಲ್ಲಿ ಹಲವರಿಗುಂಟು. ಈ ಅಂಜಿಕೆಯು ಯುಕ್ತವೇ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಹಂಪಸಾಗರದ ಬಳಿ ಹಿನ್ನೀರಾಗಿ ನಿಂತಿರುವ ತುಂಗಭದ್ರೆಯು ಅಣೆಕಟ್ಟನ್ನು ದಾಟಿ ಹಂಪೆಯತ್ತ ಹರಿಯುತ್ತಾಳೆ. ಅಲ್ಲಿ ವಿಜಯನಗರವು ಮೆರೆದ 14ನೆಯ ಶತಮಾನದಲ್ಲಿ ಹುಟ್ಟಿದ ಸಂಸ್ಕೃತ ಗ್ರಂಥ ‘ಸರ್ವದರ್ಶನಸಂಗ್ರಹ’. ಮಾಧವಾಚಾರ್ಯರದೆಂದು ಪ್ರಸಿದ್ಧವಾದ ಇದರಲ್ಲಿ 16 ದರ್ಶನಗಳ ನಿರೂಪಣೆಯಿದೆ. ದೇವರನ್ನೂ ಪರಲೋಕವನ್ನೂ ಅಲ್ಲಗಳೆಯುವ ಚಾರ್ವಾಕನಿಗೇ ಅಲ್ಲಿ ಮೊದಲ ಸ್ಥಾನ. ಆ ಮತವು ಗ್ರಂಥಕಾರರಿಗೆ ಸಮ್ಮತವಲ್ಲ. ಆದರೂ ಚಾರ್ವಾಕನೇ ಎದುರು ನಿಂತು ನುಡಿಯುವಂತೆ ಅವನ ವಾದವನ್ನು ಮಂಡಿಸಿ, ಅನಂತರ ಮುಂದಿನ ದರ್ಶನದಿಂದ ಉತ್ತರ ಹೇಳಿಸಿದ್ದಾರೆ. ಇದೇ ಪೂರ್ವಪಕ್ಷದ ಮರ್ಯಾದೆ.

ಈ ಗ್ರಂಥವು ಕಲಿಸುವ ಪಾಠ ಇನ್ನೊಂದುಂಟು. ದರ್ಶನಗಳನ್ನು ಸೋಪಾನದಂತೆ ಜೋಡಿಸಿ ಶಾಂಕರಾದ್ವೈತವನ್ನು ತುದಿಯಲ್ಲಿಟ್ಟಿದೆ. ಪಾಶುಪತ, ಶೈವ, ಪ್ರತ್ಯಭಿಜ್ಞಾ ದರ್ಶನಗಳಿಗೆ ಎಡೆಯಿದೆ. ಷಟ್‌ಸ್ಥಲಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ಶರಣರು ಕಲ್ಯಾಣದಲ್ಲಿ ಅನುಭಾವವನ್ನು ನುಡಿದು ಆಗಲೇ ಸುಮಾರು ಎರಡು ಶತಮಾನಗಳು ಸಂದಿದ್ದುವು. ‘ಸರ್ವ’ವೆಂದು ಹೆಸರಿಟ್ಟುಕೊಂಡ ಸಂಗ್ರಹದಲ್ಲಿಯೂ ಬಿಟ್ಟುಹೋದದ್ದುಂಟು. ಈ ಕೊರತೆಗೆ ನೊಂದುಕೊಳ್ಳುವ ನಾವು, ಇತರರನ್ನು ಅಳೆಯುವಾಗ ಏನನ್ನು ಬಿಟ್ಟಿದ್ದೇವೆಂದು ಕೇಳಿಕೊಂಡಿದ್ದೇವೆಯೇ?

ಒಂದು ಉದಾಹರಣೆ. ನಮ್ಮ ಸೀಮೆಯ ಕೋಗಳಿಯಲ್ಲಿ ಪುರಾತನ ಜೈನ ಬಸದಿಯಿದೆ. ಜೈನರು ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪರು. ಇಷ್ಟನ್ನೇ ಕೇಳಿದವನು ಅವರನ್ನು ನಾಸ್ತಿಕರೆಂದು ತಳ್ಳಿಬಿಡಬಹುದು. ಆದರೆ ಕರ್ಮವು ಸೂಕ್ಷ್ಮದ್ರವ್ಯವಾಗಿ ಜೀವಕ್ಕೆ ಅಂಟುವುದು, ಸಂಯಮ ತಪಸ್ಸುಗಳಿಂದ ಅದನ್ನು ಕಳಚಿಕೊಳ್ಳಬೇಕು ಎಂಬ ಅವರ ಸಿದ್ಧಾಂತವನ್ನು ಅರಿತವನಿಗೆ ಆ ಅಹಿಂಸೆ, ಉಪವಾಸಗಳ ಅರ್ಥವು ತಿಳಿಯುವುದು. ಮುಕ್ತಿಯೆಂಬ ಮಾತು ಅವರಿಗೂ ನಮಗೂ ಒಂದೇ; ಅರ್ಥ ಬೇರೆ. ಅಲ್ಲಿ ಮುಕ್ತಜೀವನು ತನ್ನ ಪ್ರತ್ಯೇಕತೆಯನ್ನು ಉಳಿಸಿಕೊಂಡು ಲೋಕಾಗ್ರದಲ್ಲಿ ನೆಲೆಸುತ್ತಾನೆ. ಇಲ್ಲಿ ಅಂಗವು ಲಿಂಗದೊಡನೆ ಸಮರಸವಾಗುತ್ತದೆ. ಈ ಭೇದವನ್ನು ಕಂಡಾಗಲೇ, ನಾವು ದಿನವೂ ಆಡುವ ಲಿಂಗಾಂಗಸಾಮರಸ್ಯವೆಂಬ ಮಾತಿನ ತೂಕ ನಮಗೆ ಗೊತ್ತಾಗುವುದು. ಎಲ್ಲ ಮತಗಳೂ ಒಂದೇ ಎಂದು ತೇಲಿಸಿಬಿಟ್ಟರೆ ಈ ಲಾಭವಿಲ್ಲ.

ನಮ್ಮ ಪರಂಪರೆಗೆ ಇದು ಹೊಸತಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ‘ಶೂನ್ಯಸಂಪಾದನೆ’ಯು ಆದ್ಯಂತವೂ ಸಂವಾದರೂಪವಾದುದು. ವಜ್ರದೇಹಿಯೆಂದು ಹೆಮ್ಮೆಪಟ್ಟ ಗೋರಕ್ಷನೊಡನೆ ಅಲ್ಲಮಪ್ರಭುಗಳು ದೂರದಿಂದ ವಾದಿಸಲಿಲ್ಲ; ಅವನು ಒಡ್ಡಿದ ಪರೀಕ್ಷೆಗೇ ಇಳಿದರು. ಗೋರಕ್ಷನ ದೇಹಕ್ಕೆ ತಾಗಿದ ಖಡ್ಗವು ಖಣಿಲೆಂದಿತು; ಅದೇ ಖಡ್ಗ ಪ್ರಭುಗಳ ದೇಹದಲ್ಲಿ ಬಯಲಲ್ಲಿ ಬೀಸಿದಂತೆ ಹಾಯ್ದುಹೋಯಿತು. ಕಾಯಸಿದ್ಧಿಯ ಎಲ್ಲೆಯು ಗೋರಕ್ಷನಿಗೆ ತನ್ನ ಸಾಧನೆಯ ನೆಲದಲ್ಲಿಯೇ ಗೋಚರಿಸಿತು.

ಆದುದರಿಂದ ಅಭ್ಯಾಸಿಯು ಮೊದಲು ಪರಮತವನ್ನು ಅದರ ಅನುಯಾಯಿಯು ಒಪ್ಪುವಂತೆ ಹೇಳಲು ಕಲಿಯಬೇಕು. ಬಳಿಕ ಸಮಾನಪದಗಳ ಅರ್ಥಭೇದವನ್ನು ಬಿಡಿಸಿ ನೋಡಬೇಕು. ಕಡೆಗೆ ಅದೇ ಪ್ರಶ್ನೆಯನ್ನು ತನ್ನ ಮತಕ್ಕೂ ಹಾಕಿಕೊಳ್ಳಬೇಕು. ಇಷ್ಟಲಿಂಗವನ್ನು ಬರಿಯ ಕಲ್ಲೆಂದವನ ಮಾತಿಗೆ ನಾವು ಎಷ್ಟು ನೋಯುವೆವೋ, ಅರಿಯದೆ ನಾವು ಆಡುವ ಮಾತಿಗೆ ನೆರೆಮನೆಯವರೂ ಅಷ್ಟೇ ನೋಯುವರು. ಪ್ರಶ್ನೆಗೆ ಅಂಜುವ ನಿಷ್ಠೆಯು ಎಳೆಯದು. ವಿಚಾರದಿಂದ ಬಲಿತ ನಿಷ್ಠೆಯೇ ಮಕ್ಕಳಿಗೆ ಹೇಳಿಕೊಡತಕ್ಕದ್ದು. ಶರಣಬಂಧುಗಳು ಮನೆಯ ವಚನಪಠನದೊಡನೆ ಈ ಅಭ್ಯಾಸವನ್ನೂ ಆರಂಭಿಸುವರೆಂದು ಹಾರೈಸುತ್ತೇವೆ.