ಎಂಟು ಟಿಬಿಯೊಳಗಿನ ಬಾಕಿ

ಮದುವೆ ವಿಡಿಯೊ ಮಾಡುವವರ ಬಂಡವಾಳ ಯಾವುದೆಂದು ಕೇಳಿದರೆ ಎಲ್ಲರೂ ಕ್ಯಾಮೆರಾ, ಲೆನ್ಸ್, ಡ್ರೋನ್ ಎನ್ನುತ್ತಾರೆ. ಹೊನ್ನಾಳಿಯ ನನ್ನ ಸ್ಟುಡಿಯೊದಲ್ಲಿ ಮಾತ್ರ ಅತಿ ಹೆಚ್ಚು ಹಣ ಕೂತಿರುವುದು ಮೇಜಿನ ಮೇಲಿನ ಹಾರ್ಡ್ ಡಿಸ್ಕ್‌ನಲ್ಲಿ. ಅದಕ್ಕೆ ಕೊಟ್ಟ ಬೆಲೆಯ ಮಾತಲ್ಲ ಇದು, ಅದರೊಳಗಿರುವ ಬಾಕಿಯ ಮಾತು.

ಚನ್ನಗಿರಿ, ನ್ಯಾಮತಿ ಕಡೆಯ ಮದುವೆಗಳಲ್ಲಿ ಮುಂಗಡ ಬರುತ್ತದೆ, ಮದುವೆ ದಿನ ಒಂದಿಷ್ಟು ಬರುತ್ತದೆ, ಉಳಿದದ್ದು ಆಲ್ಬಮ್ ಕೈಸೇರಿದಾಗ. ಆಲ್ಬಮ್‌ಗೆ ಫೋಟೊ ಆರಿಸಲು ಬರುವುದು ಯಾವಾಗ? "ಅಡಿಕೆ ಕೊಟ್ಟ ಮೇಲೆ ಬರ್ತೀವಣ್ಣ, ಅಲ್ಲೀವರ್ಗೂ ಜೋಪಾನವಾಗಿಟ್ಟಿರು." ಜಗಳೂರು ಕಡೆಯವರು ಇದೇ ಮಾತನ್ನು ಮೆಕ್ಕೆಜೋಳದ ಹೆಸರಲ್ಲಿ ಹೇಳುತ್ತಾರೆ; ಮಳೆ ಕೈಕೊಟ್ಟ ವರ್ಷ ಅದು ಮುಂದಿನ ಬೆಳೆಗೆ ಹೋಗುತ್ತದೆ. ಅವರದು ತಪ್ಪಲ್ಲ, ಬೆಳೆ ನಂಬಿದವರ ಹಣ ಬರುವುದೇ ಹಾಗೆ. ಅಲ್ಲಿಯವರೆಗೆ ಮೂಲ ಫೈಲುಗಳನ್ನು ಅಳಿಸುವಂತಿಲ್ಲ. ಡಿಸ್ಕ್ ಕೈಕೊಟ್ಟರೆ ಬಾಕಿ ಕೇಳುವ ಬಾಯಿಯೂ ಕಟ್ಟಿದಂತೆ. ಹಾಗಾಗಿ ಡಿಸ್ಕ್ ಕೊಳ್ಳುವಾಗ ನಾನು ಮೊದಲು ನೋಡುವುದು ಈ ಬಾಕಿಯನ್ನು.

ಎಷ್ಟು ಜಾಗ ಬೇಕು? ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ವಿಡಿಯೊ ತೆಗೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ತಲಾ ನಾಲ್ಕು ಗಂಟೆ ಓಡಿದರೆ 360 ಜಿಬಿ. ರಾ ಫೋಟೊಗಳದ್ದು ಇನ್ನೊಂದು 75 ಜಿಬಿ. ಒಂದು ಮದುವೆಗೆ 435 ಜಿಬಿ ಆಯಿತು. 8 ಟಿಬಿ ಡಿಸ್ಕ್‌ನಲ್ಲಿ ಹದಿನೆಂಟು ಮದುವೆ ಹಿಡಿಸುತ್ತದೆ. ಕಂಠಮಟ್ಟ ತುಂಬಿಸದೆ ಹದಿನಾರಕ್ಕೆ ನಿಲ್ಲಿಸುತ್ತೇನೆ. ಮದುವೆಗೆ ಹದಿನೈದು ಸಾವಿರದಂತೆ ಬಾಕಿ ಹಿಡಿದರೂ ಆ ಪೆಟ್ಟಿಗೆಯೊಳಗೆ 2,40,000 ರೂಪಾಯಿ ಇದೆ. (8 ಟಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 7.27 ಎಂದು ಕಂಡರೆ ಅಂಗಡಿಯವರ ಮೇಲೆ ರೇಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.)

ಇನ್ನು ವೇಗ. ಡಬ್ಬದ ಮೇಲೆ ಬರೆದ 5 ಗಿಗಾಬಿಟ್ ಎಂಬುದು ಯುಎಸ್‌ಬಿಯ ಶಕ್ತಿ, ಡಿಸ್ಕ್‌ನದ್ದಲ್ಲ. ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಸೆಕೆಂಡಿಗೆ 180ರಿಂದ 200 ಎಂಬಿ ಬರೆಯುವ ಡಿಸ್ಕ್, ಒಳ ಅಂಚಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅದರ ಅರ್ಧಕ್ಕೆ ಇಳಿಯುತ್ತದೆ. ಖಾಲಿ ಡಿಸ್ಕ್ ಬರೆಯಲು ಶುರು ಮಾಡುವುದು ಹೊರ ಅಂಚಿನಿಂದ. ಅಂಗಡಿಯಲ್ಲಿ ಐದು ನಿಮಿಷ ಓಡಿಸಿ ತೋರಿಸುವ ಪರೀಕ್ಷೆಗೆ ಅದಕ್ಕೇ ಬೆಲೆಯಿಲ್ಲ. ಕೊಂಡ ಹೊಸತರಲ್ಲೇ, ವಾಪಸು ಕೊಡುವ ಅವಧಿ ಮುಗಿಯುವ ಮುನ್ನ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಮರಳಿ ಓದಿಸುತ್ತೇನೆ. ಸರಾಸರಿ 150 ಎಂಬಿ ಸಿಕ್ಕರೂ ಬರೆಯುವುದಕ್ಕೇ ಹದಿನೈದು ಗಂಟೆ ಹಿಡಿಯುತ್ತದೆ, ಓದಲು ಮತ್ತಷ್ಟು. ಅಡಾಪ್ಟರಿನಿಂದ ನಡೆಯುವ ಈ ಡಿಸ್ಕ್‌ಗಳಿಗೆ ಲ್ಯಾಪ್‌ಟಾಪಿನ ಬ್ಯಾಟರಿ ನೆರವಾಗದು. ನಮ್ಮ ಕರೆಂಟಿಗೆ ಯುಪಿಎಸ್ ಬೇಕೇ ಬೇಕು. ಈ ಪರೀಕ್ಷೆಯಲ್ಲಿ ನಕಲಿ ಮಾಲೂ ಸಿಕ್ಕಿಬೀಳುತ್ತದೆ. ಎರಡು ಸಾವಿರಕ್ಕೆ 16 ಟಿಬಿ ಎಂದು ಆನ್‌ಲೈನ್‌ನಲ್ಲಿ ಮಾರುವ ಡಬ್ಬಗಳನ್ನು ಬಿಚ್ಚಿದರೆ ಒಳಗೆ ಸಣ್ಣ ಮೆಮೊರಿ ಕಾರ್ಡ್ ಸಿಕ್ಕಿದ್ದುಂಟು.

ಕೊಳ್ಳುವ ಮುನ್ನ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಇದು ಸಿಎಂಆರೋ ಎಸ್‌ಎಂಆರೋ? ಸಿಎಂಆರ್ ಡಿಸ್ಕ್‌ನಲ್ಲಿ ದತ್ತಾಂಶದ ಸಾಲುಗಳು ಬೇರೆಬೇರೆಯಾಗಿರುತ್ತವೆ; ಎಸ್‌ಎಂಆರ್ ಡಿಸ್ಕ್‌ನಲ್ಲಿ ಅವು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಚಾಚಿಕೊಂಡಿರುತ್ತವೆ. ನಡುವಿನ ಒಂದನ್ನು ಬದಲಿಸಲು ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. ಹೊಸದರಲ್ಲಿ ಏನೂ ಗೊತ್ತಾಗುವುದಿಲ್ಲ. ಹಳೆಯ ಮದುವೆ ಅಳಿಸಿ ಹೊಸದನ್ನು ತುಂಬುವಾಗ ವೇಗ 40 ಎಂಬಿಗೋ ಅದಕ್ಕೂ ಕೆಳಗೋ ಕುಸಿಯಬಹುದು. 180ರಲ್ಲಿ ನಲವತ್ತು ನಿಮಿಷಕ್ಕೆ ಮುಗಿಯುವ ಕಾಪಿ 40ರಲ್ಲಿ ಮೂರು ಗಂಟೆ ಎಳೆಯುತ್ತದೆ. ರಾತ್ರಿ ಆರತಕ್ಷತೆ ಮುಗಿಸಿ ಬಂದು, ಬೆಳಗಿನ ಮುಹೂರ್ತಕ್ಕೆ ಅದೇ ಕಾರ್ಡ್‌ಗಳನ್ನು ಖಾಲಿ ಮಾಡಿಕೊಳ್ಳಬೇಕಾದವನಿಗೆ ಆ ಮೂರು ಗಂಟೆ ಎಂದರೆ ನಿದ್ದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಿತು, ಅದೂ ಗ್ರಾಹಕರು ಗಲಾಟೆ ಎಬ್ಬಿಸಿದ ಮೇಲೆ. ಈಗ ದೊಡ್ಡ ಕಂಪನಿಗಳು ಯಾವ ಮಾದರಿ ಯಾವುದೆಂದು ಪ್ರಕಟಿಸುತ್ತವೆ. ತುಂಬಿಸಿ ಎತ್ತಿಡುವವರಿಗೆ ಎಸ್‌ಎಂಆರ್ ಸಾಕು. ಅಳಿಸಿ ಬರೆಯುತ್ತ ಇರುವ ನನ್ನಂಥವರು ಸಿಎಂಆರ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶದಲ್ಲಿ ಆಗಾಗ ಎರಡು ಸಾಲು ನೋಡುತ್ತೇನೆ: 05 ಮತ್ತು ಸಿ5. ಕೆಟ್ಟ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಆ ಅಂಕಿ ಸೊನ್ನೆಯಿಂದ ಮೇಲೇಳುತ್ತ ಹೋದರೆ ಆ ಡಿಸ್ಕ್ ಮೇಲೆ ಹೊಸ ಮದುವೆ ಹಾಕುವುದಿಲ್ಲ.

ನಾನು ಕೊಂಡದ್ದಕ್ಕೆ ಹದಿನಾರು ಸಾವಿರ ಬಿತ್ತು, ವಾರಂಟಿ ಮೂರು ವರ್ಷ. ವಾರಂಟಿಯಲ್ಲಿ ಹೊಸ ಡಿಸ್ಕ್ ಕೊಡುತ್ತಾರೆ, ಒಳಗಿದ್ದ ಮದುವೆಯನ್ನಲ್ಲ. ಹಾಗಾಗಿ ಬಜೆಟ್ಟಿನಲ್ಲಿ ಯಾವಾಗಲೂ ಎರಡು ಡಿಸ್ಕ್: ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಎತ್ತರದ ಬೀದಿಯಲ್ಲಿರುವ ನಮ್ಮ ಮನೆಯಲ್ಲಿ. ತುಂಗಭದ್ರೆ ತುಂಬಿ ಬಂದಾಗ ಹೊನ್ನಾಳಿಯ ತಗ್ಗು ಮನೆಗಳಿಗೆ ನೀರು ನುಗ್ಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ದೊಡ್ಡ 16 ಟಿಬಿ ಕೊಳ್ಳುವುದಕ್ಕಿಂತ ಎರಡು 8 ಟಿಬಿ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡಕ್ಕೂ ಸೇರಿ 32,000. ಒಂದೊಂದು ಮದುವೆಯನ್ನು ಒಂದೂವರೆ ವರ್ಷ ಇಟ್ಟುಕೊಂಡರೆ ಮೂರು ವರ್ಷದಲ್ಲಿ 32 ಮದುವೆ, ಅಂದರೆ ಮದುವೆಗೆ ಸಾವಿರ ರೂಪಾಯಿ. ಈ ಸಾವಿರವನ್ನು ಈಗ ಎಸ್ಟಿಮೇಟಿನಲ್ಲಿ ಬೇರೆ ಸಾಲಾಗಿಯೇ ಬರೆಯುತ್ತೇನೆ, ಹದಿನೆಂಟು ತಿಂಗಳ ಗಡುವಿನ ಸಮೇತ. ಯಾರೂ ಚೌಕಾಸಿ ಮಾಡಿಲ್ಲ. ಗಡುವಿಗೆ ತಿಂಗಳಿರುವಾಗ ಫೋನ್ ಮಾಡಿ, ಮೂಲ ಫೈಲು ಬೇಕಾದವರು ತಮ್ಮದೇ ಡಿಸ್ಕ್ ತಂದರೆ ತುಂಬಿಸಿ ಕೊಡುತ್ತೇನೆ. ಅಡಿಕೆ ಇನ್ನೂ ಕೊಟ್ಟಿಲ್ಲ ಎಂದವರಿಗೆ ಇನ್ನಾರು ತಿಂಗಳು ಸೇರಿಸಿ ಬರೆದುಕೊಳ್ಳುತ್ತೇನೆ.