ದೂರನ್ನು ದೇವರಿಗೇ ಕೊಡು

ನಿಮ್ಮಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದಾಗಿನಿಂದ ಬುದ್ಧಿ ಹೇಳುವವರ ದಂಡೇ ನಿಮ್ಮ ಮನೆಗೆ ಬಂದುಹೋಗುತ್ತಿದೆ, ಮಗಳೇ. ಆ ದಂಡಿಗೆ ಇನ್ನೊಬ್ಬ ಮುದುಕ ಸೇರಿಕೊಂಡ ಅಂದುಕೊಳ್ಳಬೇಡ. ಮೊನ್ನೆ ಆರಾಧನೆ ಮುಗಿದ ಮೇಲೆ ನೀನು ಕೇಳಿದೆಯಲ್ಲ, "ತಾತ, ನನ್ನ ನಂಬಿಕೆ ಸಾಲದ್ದಕ್ಕೇ ಅಪ್ಪನಿಗೆ ಗುಣ ಆಗ್ತಿಲ್ವಾ?" ಅಂತ. ಅಷ್ಟು ಜನರ ನಡುವೆ ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ, ಕೇಳು.

ಯಾರ ಪಾಪಕ್ಕೆ ಈ ಕಾಯಿಲೆ ಬಂತು ಎಂಬ ಲೆಕ್ಕವನ್ನು ಮೊದಲು ಬಿಡು. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರೂ ಇದೇ ಲೆಕ್ಕ ಹಾಕಿದರು: ತಪ್ಪು ಇವನದೋ, ಹೆತ್ತವರದೋ? ಇಬ್ಬರದೂ ಅಲ್ಲ ಎಂದರು ಯೇಸುಸ್ವಾಮಿ. ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತ ಮಾತು ಬಂದಾಗಲೂ, ಸತ್ತವರು ಊರಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ಅವರು ಒಪ್ಪಲಿಲ್ಲ.

ಯೋಬನ ಗೆಳೆಯರನ್ನು ನೋಡು. ಎಲೀಫಜ, ಬಿಲ್ದದ, ಚೋಫರ ಮೂವರೂ ಬಂದು ಏಳು ಹಗಲು ಏಳು ರಾತ್ರಿ ತುಟಿ ಬಿಚ್ಚದೆ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಒಳ್ಳೆಯವರೇ. ಬಾಯಿ ತೆರೆದ ಮೇಲೆ ಕೆಟ್ಟರು. ದೇವರ ಪರ ವಕಾಲತ್ತು ಹಿಡಿದು, ನೀನೇ ಏನೋ ಮಾಡಿರಬೇಕು ಎಂದು ಅಧ್ಯಾಯಗಟ್ಟಲೆ ವಾದಿಸಿದರು. ಯೋಬನೋ ಹುಟ್ಟಿದ ದಿನವನ್ನೇ ಶಪಿಸಿದ, ದೇವರನ್ನೇ ವ್ಯಾಜ್ಯಕ್ಕೆ ಕರೆದ. ಸುಂಟರಗಾಳಿಯೊಳಗಿಂದ ದೇವರು ಅವನನ್ನೂ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿ ತಲೆ ತಗ್ಗಿಸುವಂತೆ ಮಾಡಿದರು, ನಿಜ. ಆದರೆ 42ನೇ ಅಧ್ಯಾಯಕ್ಕೆ ಬಂದಾಗ ಅವರ ಸಿಟ್ಟು ತಿರುಗಿದ್ದು ಆ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬ ಎಂದೇ ತೀರ್ಪಾಯಿತು. ಗೆಳೆಯರು ದೇವರ ವಿಷಯ ಮಾತಾಡುತ್ತಲೇ ಇದ್ದರು. ಯೋಬ ದೇವರಿಗೇ ಮುಖ ಕೊಟ್ಟು ಮಾತಾಡಿದ. ಕಷ್ಟ ಯಾಕೆ ಬಂತು ಎಂಬುದು ಮಾತ್ರ ಅವನಿಗೂ ಕೊನೆಯವರೆಗೆ ತಿಳಿಯಲಿಲ್ಲ.

ಅದಕ್ಕೇ ಹೇಳುವುದು, ಅಳಬೇಡ ಅನ್ನುವವರ ಮಾತು ಕೇಳಬೇಡ. ಅಳು ಬಂದರೆ ದೇವರ ಮುಂದೆಯೇ ಅಳು. ಸಿಟ್ಟು ಬಂದರೆ ಅದನ್ನೂ ಅಲ್ಲೇ ಇಡು. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಿನವೇ. 88ನೆಯದಂತೂ ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಮುಕ್ತಾಯವೂ ಇಲ್ಲ. ಆದರೂ ಅದು ಸತ್ಯವೇದದಲ್ಲೇ ಉಳಿದಿದೆ. ಶಿಲುಬೆಯ ಮೇಲೆ ಕರ್ತನ ಬಾಯಿಗೆ ಬಂದದ್ದೂ 22ನೇ ಕೀರ್ತನೆಯ ಆ ಮೊದಲ ಕೂಗೇ. ಕೈಬಿಟ್ಟವನು ಎಂದು ಯಾರ ಮೇಲೆ ದೂರೋ ಅವನನ್ನೇ ಕರೆಯುವ ಕೂಗು ಅದು. ನಂಬಿಕೆ ಸತ್ತಿದ್ದರೆ ದೂರು ಹೇಳಲಾದರೂ ಯಾರು ಹೋಗುತ್ತಾರೆ?

ಇನ್ನು ಔಷಧಿಯ ಮಾತು. ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದೇವೆ, ಇನ್ನು ಮಾತ್ರೆ ನಿಲ್ಲಿಸಿ ಎಂದು ಯಾರೋ ಹೇಳಿದರಂತೆ. ಖಂಡಿತ ನಿಲ್ಲಿಸಬೇಡ. ಪೌಲನ ಮೈಮುಟ್ಟಿದ ಕೈವಸ್ತ್ರದಿಂದ ರೋಗಿಗಳು ಗುಣವಾದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ. ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಮನೆಮದ್ದು ಬರೆದ. ತನ್ನ ಮೈಯ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ತಾಳಲು ಬೇಕಾದ ಕೃಪೆ ಸಿಕ್ಕಿತು. ಅವನ ಪ್ರಿಯ ಲೂಕ ವೈದ್ಯ. ಇವರಲ್ಲಿ ಯಾರ ನಂಬಿಕೆ ಕಡಿಮೆ ಎನ್ನೋಣ? ಮಿಷನ್ ಆಸ್ಪತ್ರೆಗಳನ್ನು ಕಟ್ಟಿದವರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವರೇ ತಾನೆ? ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡು, ಫಿಸಿಯೋಥೆರಪಿ ತಪ್ಪಿಸಬೇಡ.

ಅಪ್ಪ ಎದ್ದು ನಡೆದೇ ನಡೆಯುತ್ತಾರೆ ಎಂದು ನಾನು ಮಾತು ಕೊಡಲಾರೆ. ಗೆತ್ಸೆಮನೆಯಲ್ಲಿ ಕರ್ತನೇ ಈ ಪಾತ್ರೆ ತೊಲಗಲಿ ಎಂದು ಬೇಡಿದ್ದರು; ಅದು ತೊಲಗಲಿಲ್ಲ. ಪುನರುತ್ಥಾನ ಬಂದದ್ದು ಸಮಾಧಿಯನ್ನು ಹಾದೇ. ನೋವನ್ನು ತಾನೇ ಉಂಡವನು ನಮ್ಮ ನೋವಿನಲ್ಲಿ ನಮ್ಮನ್ನು ಬಿಟ್ಟುಹೋಗುವುದಿಲ್ಲ ಎಂಬುದಷ್ಟೇ ನನ್ನ ಭರವಸೆ. ಈ ವಯಸ್ಸಿನಲ್ಲಿ ನನಗೆ ಅದು ಸಾಕಾಗಿದೆ. ನಿನಗೆ ಇವತ್ತೇ ಸಾಕಾಗದಿದ್ದರೂ ಪರವಾಗಿಲ್ಲ. ಹಾಡಲು ಬಾಯಿ ಬಾರದ ಭಾನುವಾರ ಸುಮ್ಮನೆ ಬಂದು ಕೂತಿರು. ನಿನ್ನ ಪಾಲಿನದನ್ನೂ ಸಭೆ ಹಾಡುತ್ತದೆ.

ಎಲೀಯ ಸಾಕಾಗಿ ಸಾವು ಬೇಡಿದಾಗ ದೇವದೂತ ಬೋಧನೆ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ನಿನ್ನ ಕಣ್ಣು ನೋಡಿದರೆ ನೀನು ನಿದ್ದೆ ಕಂಡು ಎಷ್ಟು ದಿನವಾಯಿತೋ ಅನಿಸುತ್ತದೆ. ಯುವಜನ ಸಂಘದ ಹುಡುಗರ ಜೊತೆ ಮಾತಾಡಿದ್ದೇನೆ, ರಾತ್ರಿ ಪಾಳಿ ಹಂಚಿಕೊಳ್ಳುತ್ತಾರೆ. ಸಂಕೋಚ ಪಟ್ಟು ಬೇಡ ಅನ್ನಬೇಡ. ಬುಧವಾರದ ಪಾಳಿ ನನ್ನದು. ಊಟ ಮುಗಿಸಿ ಒಂಬತ್ತಕ್ಕೆ ಬರುತ್ತೇನೆ. ಮಾತ್ರೆಗಳ ಚೀಟಿ ಬರೆದಿಟ್ಟು ನೀನು ಮಲಗು.