ಗಂಟೆಗೆ 906 ರೂಪಾಯಿ

ನಮ್ಮ ಟ್ರ್ಯಾಕ್ಟರಿಗೆ ಎಷ್ಟು ಬಿತ್ತು ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ಐದು ಲಕ್ಷ ತೊಂಬತ್ತು ಸಾವಿರ ಅನ್ನುತ್ತಿದ್ದೆ. ಈಗ ಗಂಟೆಗೆ 906 ರೂಪಾಯಿ ಅನ್ನುತ್ತೇನೆ. ಕೇಳಿದವರು ಬಾಡಿಗೆ ಹೇಳಿದೆ ಅಂದುಕೊಳ್ಳುತ್ತಾರೆ. ಬಾಡಿಗೆಯಲ್ಲ, ಸ್ವಂತ ಗಾಡಿ ನನಗೇ ಬೀಳುವ ಖರ್ಚು.

ನನ್ನ ಹುಟ್ಟೂರು ದೊಡ್ಡಬಳ್ಳಾಪುರದ ಕಡೆ. ಬ್ಯಾಂಕಿನ ನೌಕರಿ ಚೆನ್ನೈಗೆ ತಂದು ಹಾಕಿತು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಭಾಮೈದನ ಜೊತೆ ಸೇರಿ ಪೆರಿಯಪಾಳಯಂ ಹತ್ತಿರ, ಆರಣಿ ಹೊಳೆಯ ಆಚೆ, ಎರಡು ಎಕರೆಯಲ್ಲಿ ಗೊಬ್ಬರದ ಕೆಲಸ ಶುರುಮಾಡಿದೆವು. ಸಗಣಿ, ತೆಂಗಿನ ನಾರಿನ ಪುಡಿ, ಕೆಮ್ಮಣ್ಣು ಬೆರೆಸಿ ಚೀಲ ತುಂಬುವುದು, ಚೆನ್ನೈನ ತಾರಸಿ ತೋಟದವರಿಗೂ ನರ್ಸರಿಗಳಿಗೂ ಕಳಿಸುವುದು. ರಾಶಿ ಮಗುಚಲು ವಾರಕ್ಕೆರಡು ಸಲ ಜೆಸಿಬಿ ಕರೆಸುತ್ತಿದ್ದೆವು. ಅರ್ಧ ಗಂಟೆ ಕೆಲಸವಿದ್ದರೂ ಎರಡು ಗಂಟೆಯ ದುಡ್ಡು, ಅದೂ ಬಂದರೆ. "ಭಾವ, ನಮ್ಮದೇ ಒಂದು ಲೋಡರ್ ಇದ್ದಿದ್ರೆ ಈ ತಲೆನೋವೇ ಇರ್ತಿರಲಿಲ್ಲ" ಎಂದು ಅವನು ದಿನಾ ಅನ್ನುತ್ತಿದ್ದ.

2019ರಲ್ಲಿ ಕೊಂಡೆವು. 2014ರ ಮಾಡೆಲ್ ಮ್ಯಾಸಿ ಫರ್ಗ್ಯುಸನ್ 241, 42 ಎಚ್‌ಪಿ, ಸೆಕೆಂಡ್ ಹ್ಯಾಂಡ್, 3.8 ಲಕ್ಷ. ಅದರ ಮುಂದೆ ಕೂರಿಸಿದ ಲೋಡರ್ 2.1 ಲಕ್ಷ. ಮೂರು ಲಕ್ಷ ಸಾಲ, ಶೇ 12 ಬಡ್ಡಿ, ಮೂರು ವರ್ಷ, ತಿಂಗಳ ಕಂತು 9,964. ಸಾಲದ ಅರ್ಜಿಯಲ್ಲಿ 'ವರ್ಷಕ್ಕೆ ಎಷ್ಟು ಗಂಟೆ ಕೆಲಸ' ಎಂಬ ಕಡೆ ಹಿಂದುಮುಂದು ನೋಡದೆ 1,000 ಎಂದು ಬರೆದೆ. ನೌಕರಿಯಲ್ಲಿದ್ದಾಗ ನೂರಾರು ರೈತರ ಅರ್ಜಿಯಲ್ಲಿ ಆ ಸಂಖ್ಯೆಯನ್ನೇ ನೋಡಿ ಸಹಿ ಹಾಕಿದವನು ನಾನು. ಮೊದಲ ವರ್ಷ ಮೀಟರ್ ಓಡಿದ್ದು 412.

ಈ ಗಾಡಿ ಚೆನ್ನೈನದೇ ಕೂಸು ಎಂಬ ಸಮಾಧಾನ ಒಂದಿತ್ತು. ಇದನ್ನು ತಯಾರಿಸುವ ಟಾಫೆ ಕಂಪನಿ 1960ರಲ್ಲಿ ಇಲ್ಲಿ ಹುಟ್ಟಿತು, ಸೆಂಬಿಯಂನಲ್ಲಿ ಅದರ ಕಾರ್ಖಾನೆಯಿದೆ. ಒಳಗಿನ ಎಂಜಿನ್ ಸಿಂಪ್ಸನ್ನರದು, 1840ರಲ್ಲಿ ಕುದುರೆಗಾಡಿ ಕಟ್ಟುತ್ತಾ ಆರಂಭವಾದ ಮದ್ರಾಸಿನ ಸಂಸ್ಥೆ. ನಮ್ಮ ದೊಡ್ಡಬಳ್ಳಾಪುರದಲ್ಲೂ ಟಾಫೆಯ ಘಟಕವಿದೆ, ಹಾಗಾಗಿ ಊರಿಗೆ ಹೋದಾಗ ಜಂಬ ಕೊಚ್ಚಲೂ ಒಂದು ವಿಷಯ ಸಿಕ್ಕಿತು. ಬಿಡಿಭಾಗಕ್ಕೆ ನಾವು ಯಾವತ್ತೂ ಕಾದದ್ದಿಲ್ಲ. ಪುದುಪೇಟೆಗೆ ಹೋದರೆ ಹಳೆಯದು, ಪ್ಯಾರೀಸ್ ಗಲ್ಲಿಗಳಿಗೆ ಹೋದರೆ ಹೊಸ ಹೋಸ್ ಪೈಪು, ಸೀಲ್ ಕಿಟ್ಟು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಡಿಯ ಬೆಲೆಗಿಂತ ಮೊದಲು ವಿಚಾರಿಸಬೇಕಾದ್ದು ಇದನ್ನೇ.

ಆದರೆ ಆ ಗಾಡಿಯ ಮೈಕಟ್ಟು ಎಂಥದ್ದೆಂದು ನಾವು ಯೋಚಿಸಿರಲಿಲ್ಲ. ಟ್ರ್ಯಾಕ್ಟರು ಹಿಂದಿನಿಂದ ಎಳೆಯಲೆಂದು ಹುಟ್ಟಿದ ಪ್ರಾಣಿ. ಹ್ಯಾರಿ ಫರ್ಗ್ಯುಸನ್ ಮೂರು ತೋಳಿನ ಜೋಡಣೆ ಕಂಡುಹಿಡಿದಿದ್ದೇ ನೇಗಿಲಿನ ಭಾರ ಹಿಂದಿನ ಚಕ್ರದ ಮೇಲೆ ಬಿದ್ದು ನೆಲಕ್ಕೆ ಹಿಡಿತ ಸಿಗಲಿ ಎಂದು. ನಾವು ಅದರ ಮೂತಿಗೆ ಬಕೆಟ್ ಕಟ್ಟಿ, ಒದ್ದೆ ಗೊಬ್ಬರ ಎತ್ತಿಸುತ್ತೇವೆ. ದಿಕ್ಕು ತಿರುಗಿಸಲು ಮಾತ್ರ ಇದ್ದ ಮುಂದಿನ ಆ್ಯಕ್ಸಲ್ ಈಗ ಭಾರವನ್ನೂ ಹೊರಬೇಕು. ನೂಕಬೇಕಾದ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ, ಜಾರಿದಷ್ಟೂ ಟೈರು ಸವೆಯುತ್ತದೆ. ಮುಂದೆ ಹೋಗು, ತುಂಬು, ಹಿಂದೆ ಬಾ, ತಿರುಗು, ಸುರಿ. ಉಳುವಾಗ ಒಂದು ಸಾಲಿಗೆ ಒಮ್ಮೆ ತುಳಿಯುವ ಕ್ಲಚ್ಚನ್ನು ಇಲ್ಲಿ ನಿಮಿಷಕ್ಕೆ ನಾಲ್ಕು ಸಲ ತುಳಿಯಬೇಕು.

ಹಿಂದೆ ಭಾರ ಕಟ್ಟಿ ಎಂದು ಲೋಡರ್ ಕೂರಿಸಿದವರೇ ಹೇಳಿದ್ದರು. ಖರ್ಚು ಉಳಿಸಲು ಹೋಗಿ ಎಂಟು ತಿಂಗಳು ಕಟ್ಟಲಿಲ್ಲ. ಆಮೇಲೆ ಮೂರು ಸಾವಿರದಲ್ಲಿ 400 ಕಿಲೋದ ಕಾಂಕ್ರೀಟ್ ದಿಮ್ಮಿ ಹಾಕಿಸಿ ಹಿಂದೆ ತೂಗಿಸಿದೆವು, ಹಿಂದಿನ ಟೈರುಗಳಿಗೆ ನೀರು ತುಂಬಿಸಿದೆವು. ಗಾಡಿ ಕುಂಡಿ ಎತ್ತುವುದು ನಿಂತಿತು. ಅಷ್ಟರಲ್ಲಿ ಒಂದು ಜೊತೆ ಮುಂದಿನ ಟೈರು, ಕಿಂಗ್ ಪಿನ್ನು, ಬೇರಿಂಗು ಹೋಗಿದ್ದವು.

ಗ್ರೀಸಿನ ಕತೆ ಇನ್ನೂ ನಾಚಿಕೆಗೇಡು. ಲೋಡರಿನ ಕೈಗಳಲ್ಲಿ, ಬಕೆಟ್ಟಿನ ಕೀಲುಗಳಲ್ಲಿ ಒಟ್ಟು ಹದಿನೆಂಟು ನಿಪ್ಪಲ್. ಪ್ರತಿದಿನ ಕೆಲಸಕ್ಕೆ ಮೊದಲು ಗ್ರೀಸ್ ಗನ್ ಹಿಡಿದು ಹತ್ತು ನಿಮಿಷ, ಮೂವತ್ತು ರೂಪಾಯಿಯ ಗ್ರೀಸು. ಮೊದಲ ಮಳೆಗಾಲದಲ್ಲಿ ಎರಡು ತಿಂಗಳು ಯಾರೂ ಹಾಕಲಿಲ್ಲ. ಡ್ರೈವರ್ ನಾನು ಹೇಳಲಿ ಎಂದು ಕಾದ, ನಾನು ಅವನು ಹಾಕುತ್ತಿದ್ದಾನೆ ಅಂದುಕೊಂಡೆ. ಪಿನ್ನು ಕೂರುವ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ವೆಲ್ಡಿಂಗ್ ತುಂಬಿಸಿ, ಬೋರ್ ಹೊಡೆಸಿ, ಹೊಸ ಬುಷ್ ಹಾಕಿಸಲು 14,000. ಎರಡು ತಿಂಗಳ ಗ್ರೀಸಿಗೆ ಆಗುತ್ತಿದ್ದದ್ದು 1,800. ಬ್ಯಾಂಕಿನಲ್ಲಿ ಇಂಥ ಇಳುವರಿ ಕೊಡುವ ಯೋಜನೆ ನಾನು ಒಂದನ್ನೂ ಮಾರಿರಲಿಲ್ಲ.

ಸಮುದ್ರದ ಗಾಳಿಗೂ ಲೆಕ್ಕದಲ್ಲಿ ಪಾಲುಂಟು. ಹೈಡ್ರಾಲಿಕ್ ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಉಪ್ಪಿನ ತೇವ ಕೂತರೆ ಸಣ್ಣ ಸಣ್ಣ ತುಕ್ಕಿನ ಗುಳಿ ಬೀಳುತ್ತವೆ. ರಾಡು ಒಳಗೆ ಹೊರಗೆ ಆಡುವಾಗ ಆ ಗುಳಿಗಳು ಸೀಲನ್ನು ಉಜ್ಜಿ ಹರಿಯುತ್ತವೆ, ಆಯಿಲ್ ಸೋರುತ್ತದೆ. ಸೀಲ್ ಬದಲಿಸಿದರೆ ಆರು ತಿಂಗಳಲ್ಲಿ ಮತ್ತೆ ಅದೇ. ನಮ್ಮ ಮೆಕ್ಯಾನಿಕ್ ಕಲಿಸಿದ ಉಪಾಯಕ್ಕೆ ಖರ್ಚಿಲ್ಲ. ಸಂಜೆ ಬಕೆಟ್ಟನ್ನು ನೆಲಕ್ಕೆ ಇಳಿಸಿ ನಿಲ್ಲಿಸಿದರೆ ಎತ್ತುವ ಸಿಲಿಂಡರುಗಳ ರಾಡು ಒಳಗೆ ಅಡಗಿ ಕೂರುತ್ತದೆ. ಮೇಲೆತ್ತಿ ನಿಲ್ಲಿಸಿದ ಬಕೆಟ್ ಕೆಳಗೆ ನಾಯಿಯೂ ಮಲಗಬಾರದು, ಹೋಸ್ ಒಡೆದರೆ ಅದು ಬೀಳಲು ಒಂದು ಕ್ಷಣ ಸಾಕು.

2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮರುವಾರ ಒಬ್ಬ ಗುತ್ತಿಗೆದಾರ ಬಂದ, ಹೂಳು ತೆಗೆಯಲು ಗಾಡಿ ಬೇಕೆಂದ. ಗಂಟೆಗೆ 800ಕ್ಕೆ ಕೊಟ್ಟೆ. ಡೀಸೆಲ್ ಕಳೆದು ಗಂಟೆಗೆ ನಾನೂರು ಉಳಿಯುತ್ತದೆ ಎಂದು ಖುಷಿಪಟ್ಟೆ. ಐದನೇ ದಿನ ಮುಂದಿನ ಚಕ್ರ ಮುಚ್ಚಿದ್ದ ಚರಂಡಿಗೆ ಇಳಿದು ಆ್ಯಕ್ಸಲ್ ಮುರಿಯಿತು. 41,000. ವಿಮೆಯವರು ಬಂದು ನೋಡಿ, ಕೃಷಿಗೆಂದು ನೋಂದಾಯಿಸಿದ ಗಾಡಿ ಬಾಡಿಗೆ ಗುತ್ತಿಗೆಯಲ್ಲಿತ್ತು ಎಂದು ಬರೆದು ಕ್ಲೇಮ್ ತಳ್ಳಿಹಾಕಿದರು. ಜಗಳ ಆಡಲು ನನ್ನ ಹತ್ತಿರ ಮಾತಿರಲಿಲ್ಲ, ಪಾಲಿಸಿಯಲ್ಲಿ ಅದು ಇತ್ತು, ನಾನು ಓದಿರಲಿಲ್ಲ. ಬಾಡಿಗೆಗೆ ಬಿಡುವ ಉದ್ದೇಶವಿದ್ದರೆ ನೋಂದಣಿಯನ್ನೂ ವಿಮೆಯನ್ನೂ ಅದಕ್ಕೆ ತಕ್ಕಂತೆ ಮೊದಲೇ ಮಾಡಿಸಿ. ಇನ್ನೊಂದು, ಬಾಡಿಗೆಯ ಆದಾಯ ಕೃಷಿ ಆದಾಯವಲ್ಲ. ಮಾಲೀಕ ರೈತನೇ ಆದರೂ ಅದು ವ್ಯಾಪಾರದ ಆದಾಯ, ತೆರಿಗೆ ಲೆಕ್ಕಕ್ಕೆ ಬರುತ್ತದೆ.

ಆ ಪೆಟ್ಟು ತಿಂದ ಮೇಲೆ ನೋಟ್‌ಬುಕ್ ಇಟ್ಟೆ. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಗಾಡಿ ಓಡಿದ್ದು 430 ಗಂಟೆ. ಡೀಸೆಲ್ ಗಂಟೆಗೆ ನಾಲ್ಕು ಲೀಟರ್, ಲೀಟರಿಗೆ 92ರಂತೆ 368 ರೂಪಾಯಿ. ಡ್ರೈವರಿನ ಸಂಬಳ ತಿಂಗಳಿಗೆ 18,000. ಅವನು ಅರ್ಧ ಹೊತ್ತು ಚೀಲ ಹೊಲಿಯುವ ಕೆಲಸವನ್ನೂ ನೋಡುವುದರಿಂದ ಗಾಡಿಯ ಪಾಲು 1,08,000. ವಿಮೆ ಇತ್ಯಾದಿ 9,000. ಸವಕಳಿ 50,000: ಹತ್ತು ವರ್ಷ ಇಟ್ಟುಕೊಂಡು 90,000ಕ್ಕೆ ಮಾರುತ್ತೇನೆಂಬ ಅಂದಾಜು. ರಿಪೇರಿ 64,500. ಅದರಲ್ಲಿ ಕ್ಲಚ್ ಒಂದಕ್ಕೇ 21,500. ಆಯಿಲ್, ಫಿಲ್ಟರ್ 12,500. ಮುಂದಿನ ಎರಡು ಟೈರು 9,600, ಕಿಂಗ್ ಪಿನ್ನು, ಬೇರಿಂಗು 8,700. ಉಳಿದದ್ದು ಸೀಲು, ಹೋಸು. ಎಲ್ಲ ಸೇರಿಸಿ ಭಾಗಿಸಿದರೆ ಗಂಟೆಗೆ 906. ನಾನು ಗುತ್ತಿಗೆದಾರನಿಗೆ 800ಕ್ಕೆ ಕೊಟ್ಟು ಖುಷಿಪಟ್ಟಿದ್ದು ನೆನಪಾಯಿತು.

ನಮ್ಮ ಕಡೆ ಜೆಸಿಬಿ ಬಾಡಿಗೆ ಗಂಟೆಗೆ 1,300. ಹಾಗಾದರೆ ಗೆದ್ದೆವಲ್ಲ ಭಾವ ಎಂದ ಭಾಮೈದ. ಇಲ್ಲ. ಅದರ ಬಕೆಟ್ ದೊಡ್ಡದು, ನಮ್ಮ ಗಾಡಿ ಒಂದೂವರೆ ಗಂಟೆಯಲ್ಲಿ ಮಾಡುವುದನ್ನು ಅದು ಒಂದು ಗಂಟೆಯಲ್ಲಿ ಮುಗಿಸುತ್ತದೆ. ನಮ್ಮ 430 ಗಂಟೆಯ ಕೆಲಸ ಅದಕ್ಕೆ 287 ಗಂಟೆ, ಅಂದರೆ ಸುಮಾರು 3.73 ಲಕ್ಷ. ನಮಗೆ ಬಿದ್ದದ್ದು 3.9 ಲಕ್ಷ. ಹೀಗೆ ಲೆಕ್ಕ ಹಾಕಿದರೆ ವರ್ಷಕ್ಕೆ 480 ಗಂಟೆ ದಾಟಿದರೆ ಮಾತ್ರ ಸ್ವಂತದ್ದು ಲಾಭ, ನಾವು ಹದಿನೇಳು ಸಾವಿರ ಹಿಂದಿದ್ದೇವೆ. ನನ್ನ ಕೈಯಿಂದ ಹಾಕಿದ 2.9 ಲಕ್ಷವನ್ನು ಶೇ 7ರ ಠೇವಣಿಯಲ್ಲಿಟ್ಟಿದ್ದರೆ ಬರುತ್ತಿದ್ದ 20,300 ಇದರಲ್ಲಿ ಸೇರಿಲ್ಲ. ಅದನ್ನು ಹೆಂಡತಿಗೆ ಹೇಳಿಲ್ಲ, ಈ ಅಂಕಣ ಅವಳು ಓದುವುದಿಲ್ಲವೆಂಬ ಧೈರ್ಯ.

ಆದರೂ ಮಾರುವುದಿಲ್ಲ. ಬೇಕೆಂದಾಗ, ಬೆಳಗಿನ ಆರಕ್ಕೆ, ಇಪ್ಪತ್ತೇ ನಿಮಿಷದ ಕೆಲಸಕ್ಕೂ ಗಾಡಿ ಇದೆ. ಎರಡು ಗಂಟೆಯ ಕನಿಷ್ಠ ಬಾಡಿಗೆ ಕಟ್ಟಬೇಕಾದ ಸಣ್ಣ ಸಣ್ಣ ಕೆಲಸಗಳೇ ನಮ್ಮಲ್ಲಿ ಜಾಸ್ತಿ, ಅವನ್ನು ಹಿಡಿದರೆ ಹದಿನೇಳು ಸಾವಿರ ವಾಪಸ್ಸು ಬಂದೇ ಬಂದಿದೆ. ನಿಮ್ಮ ಕೆಲಸ ತಿಂಗಳಿಗೆ ನಾಲ್ಕು ದಿನ ಒಟ್ಟಿಗೆ ಬರುವಂಥದ್ದಾದರೆ ಮಾತ್ರ ಕೊಳ್ಳುವ ಗೋಜಿಗೆ ಹೋಗಬೇಡಿ, ಕರೆಸಿ, ಮಾಡಿಸಿ, ದುಡ್ಡು ಕೊಟ್ಟು ಕಳಿಸಿ. ಬರೀ ಉಳುಮೆಗಾದರೆ ಕರ್ನಾಟಕದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಇಲ್ಲಿ ಕೃಷಿ ಎಂಜಿನಿಯರಿಂಗ್ ಇಲಾಖೆ ಬಾಡಿಗೆಗೆ ಕೊಡುತ್ತದೆ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಟೈರು ಮತ್ತು ಹಲವು ಬಿಡಿಭಾಗಗಳದ್ದು 18ರಿಂದ 5ಕ್ಕೆ. ಏಳು ಲಕ್ಷದ ಗಾಡಿಯಲ್ಲಿ ಸುಮಾರು 44,000 ಉಳಿತಾಯ. ಹೊಸದು ಕೊಳ್ಳುವವರಿಗೆ ಒಳ್ಳೆಯದೇ. ಹೊಸದರ ಬೆಲೆ ಇಳಿದರೆ ನನ್ನ ಹಳೆಯದರ ಬೆಲೆಯೂ ಇಳಿಯುತ್ತದೆ, 90,000ದ ಅಂದಾಜನ್ನು ನೋಟ್‌ಬುಕ್ಕಿನಲ್ಲಿ 80,000ಕ್ಕೆ ತಿದ್ದಿದ್ದೇನೆ. ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರು ಇದನ್ನು ಹೇಳಿ ಚೌಕಾಸಿ ಮಾಡಿ. ಮೀಟರನ್ನು ನಂಬಬೇಡಿ, ಕ್ಲಚ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ನೋಡಿ, ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ ಅಲ್ಲಾಡಿಸಿ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಗೆ ಲೋಡರ್ ಬೇಡ.

ಈಗ ನಾನು ಮೀಟರಿನ ಪ್ರತಿ ಗಂಟೆಗೆ 150 ರೂಪಾಯಿಯಂತೆ ಬೇರೆ ಖಾತೆಗೆ ಹಾಕುತ್ತಿದ್ದೇನೆ. ಕ್ಲಚ್ ಹೋದ ದಿನ ಯಾರ ಮುಖವನ್ನೂ ನೋಡಬೇಕಿಲ್ಲ. ಇವತ್ತು ಬೆಳಿಗ್ಗೆ ಮೀಟರ್ 6,212 ತೋರಿಸುತ್ತಿತ್ತು. ಎಂಜಿನ್ ಆಯಿಲ್ ಬದಲಿಸುವುದು 6,250ಕ್ಕೆ.